ಒಂಟಿ ಪಾಳಿಯ ಫೋಟೊ

ಬಬಲೇಶ್ವರದ ತಾಯವ್ವ ತನ್ನ ಐವತ್ತೆಂಟು ವರ್ಷದ ಬದುಕಿನಲ್ಲಿ ಯಾವ ಪಾಳಿಯಲ್ಲೂ ಪೂರ್ತಿ ನಿಂತವಳಲ್ಲ. ರೇಷನ್ ಅಂಗಡಿಯ ಮುಂದೆ ಒಂದು ಚೀಲ, ಚೀಲದ ಮೇಲೊಂದು ಕಲ್ಲು ಇಟ್ಟು, ಮನೆಗೆ ಬಂದು ಚಹಾ ಕುಡಿದು, ತನ್ನ ಕಲ್ಲಿನ ಸರದಿ ಬರುವ ಹೊತ್ತಿಗೆ ಹೋಗಿ ನಿಲ್ಲುವವಳು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು ಎಸೆದು ಮೂರು ಸೀಟು ಹಿಡಿಯುವವಳು. ವಿಜಯಪುರದ ಸಿದ್ಧೇಶ್ವರ ಗುಡಿಗೆ ಹೋದರೆ ಹೂವಿನವಳ ಜೊತೆ ಮಾತಾಡುತ್ತ ಮಾತಾಡುತ್ತ ಮಗ್ಗುಲಿನಿಂದ ಒಳಗೆ ಸೇರಿಕೊಂಡು, ಕೈ ಮುಗಿದು, ಬಿಸಿಲಲ್ಲಿ ನಿಂತವರನ್ನು ಕನಿಕರದಿಂದ ನೋಡುತ್ತ ಹೊರಗೆ ಬರುವವಳು. ಇದು ಜಾಣತನ ಎಂದು ಆಕೆ ತಿಳಿದಿದ್ದಳು. ಊರಿನವರೂ ಹಾಗೇ ಹೇಳುತ್ತಿದ್ದರು, ಯಾಕೆಂದರೆ ಬೇರೆ ಏನಾದರೂ ಹೇಳಿದರೆ ತಾಯವ್ವನ ಬಾಯಿಗೆ ಬೀಳಬೇಕಾಗುತ್ತಿತ್ತು.

ಆಕೆಯ ಸೊಸೆ ರೇಣುಕಾಗೆ ಮದುವೆಯಾಗಿ ಏಳು ತಿಂಗಳಾಗಿತ್ತು. ತವರು ಕನಮಡಿ. ಅಪ್ಪ ಅಮೋಘಿ ಕುರಿ ಸಾಕಿದವನು, ಆದರೆ ಮಗಳನ್ನು ಕುರಿಯ ಹಿಂದೆ ಕಳಿಸದೆ ವಿಜಯಪುರದ ಕಾಲೇಜಿಗೆ ಕಳಿಸಿದ್ದ. ಬಿ.ಎ.ಯ ಐದು ಸೆಮಿಸ್ಟರು ಮುಗಿದು ಒಂದು ಉಳಿದಿತ್ತು. ಮದುವೆ ಮಾತಿನ ದಿನ ತಾಯವ್ವ ಎಲ್ಲರೆದುರು, "ಒಂದ ಪರೀಕ್ಷಾದ್ದೇನ ದೊಡ್ಡ ಮಾತ್ರಿ, ನಮ್ಮ ಮನಿಯಿಂದನ ಬರೀಲಿ" ಎಂದಿದ್ದಳು. ಅಕ್ಷತೆ ಬಿದ್ದ ಮೇಲೆ ಆ ಮಾತು "ನೋಡೂಣು" ಆಯಿತು. ದ್ರಾಕ್ಷಿ ಇಳೀಲಿ, ನೋಡೂಣು. ಮಗಳು ಕಸ್ತೂರಿ ಬಂದು ಹೋಗಲಿ, ನೋಡೂಣು. ಈಗ ಫಾರ್ಮು ತುಂಬಲು ಸೋಮವಾರ ಕಡೆಯ ದಿನ, ಇವತ್ತು ರವಿವಾರ. ಬೆಳಿಗ್ಗೆ ಬುತ್ತಿ ಕಟ್ಟುವಾಗ ರೇಣುಕಾ ಮತ್ತೊಮ್ಮೆ ಬಾಯಿ ತೆಗೆದದ್ದಕ್ಕೆ ತಾಯವ್ವ, "ಪಾರ್ಕಿಗಿ ಹೋಗಿ ಬರೂಣು ತಡಿ, ಸಂಜೀಕ ನೋಡೂಣು" ಅಂದಿದ್ದಳು.

ಟಿಕೋಟಾ ರಸ್ತೆಯಲ್ಲಿ ಹೊಸದಾಗಿ ಪಾರ್ಕು ಆಗಿತ್ತು. ನೀರಿನ ಜಾರುಬಂಡಿ, ತಿರುಗುವ ತೊಟ್ಟಿಲು, ಎಲ್ಲಕ್ಕಿಂತ ಎತ್ತರಕ್ಕೆ ಕಬ್ಬಿಣದ ಹಳಿಯ ಮೇಲೆ ಏರಿ ಬೀಳುವ ರೋಲರ್ ಕೋಸ್ಟರು. ಸುತ್ತಲಿನ ಹಳ್ಳಿಯವರು ಅದಕ್ಕೆ ಹಾವಿನ ಗಾಡಿ ಎಂದು ಹೆಸರಿಟ್ಟು ಮುಗಿಸಿದ್ದರು. ತಾಯವ್ವನ ಮಗಳು ಕಸ್ತೂರಿ ತನ್ನ ಗಂಡನ ಜೊತೆ ಮೊದಲೇ ಒಮ್ಮೆ ಹೋಗಿ ಬಂದಿದ್ದಳು. "ಗಂಡಾ ಹೆಂಡ್ತೀನ ಬಾಜೂಬಾಜೂ ಕುಂಡ್ರಸ್ತಾರ ವೈನಿ," ಎಂದು ರೇಣುಕಾಗೆ ಹೇಳಿದ್ದಳು. "ಎದೀ ಮ್ಯಾಲ ಕಬ್ಬಿಣದ ಸಳಿ ಇಳಸ್ತಾರ. ಮೂರ ನಿಮಿಷ ಯಾರ ಕರದ್ರೂ ಏಳಾಕ ಬರೂದಿಲ್ಲ."

ರೇಣುಕಾ ಈ ಮೂರು ನಿಮಿಷವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಕೆಯ ಗಂಡ ಚಂದ್ರಕಾಂತ ಕೆಟ್ಟವನಲ್ಲ. ಬೀಜ, ಗೊಬ್ಬರದ ಅಂಗಡಿ ನಡೆಸುತ್ತಿದ್ದ, ಯಾರ ಮೇಲೂ ಕೈ ಎತ್ತಿದವನಲ್ಲ, ಏನು ಕೇಳಿದರೂ, ರಾತ್ರಿ ಕೋಣೆಯಲ್ಲಿ ಕೇಳಿದರೂ, "ಅವ್ವನ್ನ ಕೇಳು" ಅನ್ನುವವನು. ಆ ಮನೆಯಲ್ಲಿ ಹಿರಿಯರೆದುರು ಸೊಸೆ ಗಂಡನ ಮಗ್ಗುಲಲ್ಲಿ ಕೂಡುವ ಪದ್ಧತಿ ಇರಲಿಲ್ಲ. ಸಂತೆಗೆ ಹೋದರೆ ಮೋಟಾರುಬೈಕಿನ ಹಿಂದೆ ತಾಯವ್ವ ಕೂಡುತ್ತಿದ್ದಳು. ಕ್ರೂಸರ್ ಗಾಡಿಯಲ್ಲಿ ಗಂಡಸರು ಮುಂದೆ, ಹೆಂಗಸರು ಹಿಂದೆ. ವಿಜಯಪುರದ ಗಾಂಧಿ ಚೌಕದಲ್ಲಿ ಸೀರೆ ತರಲು ಹೋದಾಗ ಅವನು ಮೂರು ಹೆಜ್ಜೆ ಮುಂದೆ ನಡೆದಿದ್ದ, ತಿರುಗಿ ಕೂಡ ನೋಡಿರಲಿಲ್ಲ. ಏಳು ತಿಂಗಳಲ್ಲಿ ಒಮ್ಮೆಯೂ ಅವರಿಬ್ಬರೂ ಹಗಲು ಬೆಳಕಿನಲ್ಲಿ ಒಬ್ಬರ ಮಗ್ಗುಲಿಗೆ ಒಬ್ಬರು ಕೂತಿರಲಿಲ್ಲ ಎಂದರೆ ನಂಬಿ.

ಹಾವಿನ ಗಾಡಿಯಲ್ಲಾದರೂ ಮಗ್ಗುಲಿಗೆ ಕೂತೇ ಕೂಡುತ್ತಾರಲ್ಲ. ಅವನು ಖುಷಿಯಲ್ಲಿರುತ್ತಾನೆ, ಅವ್ವ ಕೆಳಗಿರುತ್ತಾಳೆ, ಎದ್ದು ಹೋಗಲು ಬರುವುದಿಲ್ಲ. ಆಗ ಕೇಳಿದರೆ "ಹೂಂ" ಅಂದೇ ಅನ್ನುತ್ತಾನೆ ಎಂದು ರೇಣುಕಾ ಲೆಕ್ಕ ಹಾಕಿದ್ದಳು. ನಾಲ್ಕು ದಿನದಿಂದ ರೊಟ್ಟಿ ಬಡಿಯುತ್ತ ಆ ಮಾತನ್ನೇ ಬಾಯಿಪಾಠ ಮಾಡಿದ್ದಳು. "ರೀ, ನಾಳಿ ಫಾರ್ಮ ತುಂಬೂ ಕಡೀ ದಿನಾ. ಅತ್ತೀರಿಗಿ ನೀವೊಂದ ಮಾತ ಹೇಳ್ರಿ, ಸಾಕು." ಇಷ್ಟೇ. ಮೂರು ನಿಮಿಷಕ್ಕೆ ಇದು ಧಾರಾಳವಾಗಿ ಹಿಡಿಸುತ್ತಿತ್ತು.

ಹನ್ನೊಂದು ಜನ ಹೋಗಿದ್ದರು. ಮಾವ ಶಿವಲಿಂಗಪ್ಪ ಬುತ್ತಿಯ ಚೀಲಗಳನ್ನು ಕಾಯುತ್ತ ಬೇವಿನ ನೆರಳಲ್ಲಿ ಕೂತ, ಉಳಿದವರು ಹಾವಿನ ಗಾಡಿಯ ಕಡೆ ನಡೆದರು. ನೋಡಿದರೆ ಪಾಳಿ ಗೇಟಿನಿಂದ ಹೊರಟು ಐಸ್‌ಕ್ರೀಮಿನ ಅಂಗಡಿ ಸುತ್ತಿ ನೀರಿನ ಟಾಕಿಯ ತನಕ ಹೋಗಿತ್ತು. ಒಂದೂವರೆ ತಾಸು ಆಗುತ್ತದೆ ಎಂದರು. ತಾಯವ್ವನ ಕಣ್ಣು ಅಷ್ಟರಲ್ಲಿ ಬೇರೆ ಕಡೆ ಹೋಗಿತ್ತು. ಗೇಟಿನ ಮಗ್ಗುಲಿಗೇ ಇನ್ನೊಂದು ಸಣ್ಣ ದಾರಿ, ಅದಕ್ಕೂ ಕಂಬಿ, ಅದಕ್ಕೂ ಬೋರ್ಡು: ಒಬ್ಬರೇ ಬಂದವರಿಗೆ. ಅಲ್ಲಿ ಒಂದು ನಾಯಿ ಮಲಗಿತ್ತು, ಅದು ಬಿಟ್ಟರೆ ಯಾರೂ ಇರಲಿಲ್ಲ. ನಮ್ಮ ಕಡೆ ಒಬ್ಬರೇ ಯಾರು ಪಾರ್ಕಿಗೆ ಹೋಗುತ್ತಾರೆ? ಬಸುರಿಯ ಕುಬಸಕ್ಕೂ ಜನ, ಆಸ್ಪತ್ರೆಗೂ ಜನ.

ಗೇಟಿನಲ್ಲಿ ಸೀಟಿ ಕೊರಳಿಗೆ ಹಾಕಿಕೊಂಡ ದಾವಲಸಾಬ ಎಂಬ ನಡುವಯಸ್ಸಿನ ಮನುಷ್ಯ ನಿಂತಿದ್ದ. ತಾಯವ್ವ ನೇರ ಅವನ ಹತ್ತಿರ ಹೋದಳು.

"ಈ ಪಾಳಿ ಯಾಕ ಖಾಲಿ ಐತೋ ಅಣ್ಣಾ?"

"ಇದು ಒಂಟಿ ಪಾಳಿರಿ ಅವ್ವಾರ. ಒಬ್ಬೊಬ್ಬರ ಬಂದೋರಿಗಿ. ಒಂದ ಸಾಲಿಗಿ ಎರಡ ಸೀಟ. ಮೂರ ಮಂದಿ ಬಂದ್ರಂದ್ರ ಒಂದ ಸೀಟ ಉಳೀತೈತಿ, ಅಲ್ಲಿ ಇವರನ್ನ ಕುಂಡ್ರಸ್ತೀವಿ. ಲಗೂನ ಆಕೈತಿ."

"ಹಂಗಾರ ನಾವೂ ಒಬ್ಬೊಬ್ಬರ ಬರ್ತೀವಿ."

ದಾವಲಸಾಬ ಹತ್ತು ಜನರನ್ನೂ ನೋಡಿದ. "ಬರಬಹುದ್ರಿ. ಆದ್ರ ಗಂಡ ಒಂದ ಕಡಿ, ಹೆಂಡ್ತಿ ಒಂದ ಕಡಿ ಆಕೈತಿ. ಬಾಜೂಕ ಯಾರ ಬರ್ತಾರೋ ನಾವ ಹೇಳಾಕ ಬರೂದಿಲ್ಲ. ಆಮ್ಯಾಲ ತಕರಾರ ಮಾಡಬಾರ್ದು, ಈಗ ಹೇಳೇನಿ."

"ಮೂರ ನಿಮಿಷದಾಗ ಏನ್ ಆಕೈತಪ್ಪಾ," ಎಂದಳು ತಾಯವ್ವ. "ಏನ್ ಸಂಸಾರ ಹೂಡ್ತಾರೇನು?"

ಎಲ್ಲರೂ ನಕ್ಕರು. ರೇಣುಕಾ ನಗಲಿಲ್ಲ. ಆಕೆಯ ಮೂರು ನಿಮಿಷ ಕಣ್ಣೆದುರೇ ಕೈಬಿಟ್ಟು ಹೋಗುತ್ತಿತ್ತು. ಸೆರಗು ಬೆರಳಿಗೆ ಸುತ್ತಿಕೊಂಡು, ಮದುವೆಯಾದಾಗಿನಿಂದ ಆಡಿರದಷ್ಟು ದೊಡ್ಡ ಮಾತು ಆಡಿದಳು. "ಅತ್ತೀರಿ, ನಾವು ಆ ದೊಡ್ಡ ಪಾಳ್ಯಾಗ ನಿಂದರ್ತೀವಿ. ತಡಾ ಆದ್ರೂ ನಡೀತೈತಿ."

"ನಾವು ಅಂದ್ರ ಯಾರು?" ಎಂದಳು ತಾಯವ್ವ.

ರೇಣುಕಾ ಗಂಡನ ಕಡೆ ನೋಡಿದಳು. ಚಂದ್ರಕಾಂತ ನೀರಿನ ಟಾಕಿಯ ಕಡೆ ನೋಡಿದ.

"ಗಂಡನ ತೊಡಿ ಮ್ಯಾಲ ಕುಂಡ್ರೂ ಆಸೆ ಆಗೈತೇನ ನಿನಗ ಮಂದ್ಯಾಗ? ನಡಿ ಸುಮ್ನ." ತಾಯವ್ವ ಸೊಸೆಯ ಬೆನ್ನ ಮೇಲೆ ಅಂಗೈ ಇಟ್ಟು ಆ ಸಣ್ಣ ದಾರಿಗೆ ನೂಕಿದಳು. ಜೋರಾಗಿ ಏನಲ್ಲ, ಕರುವನ್ನು ಕೊಟ್ಟಿಗೆಗೆ ತಳ್ಳುವಷ್ಟು. ನಾಯಿ ಎದ್ದು ಹೋಯಿತು.

ತಾಯವ್ವ ಗಾಡಿ ಏರುವವಳಲ್ಲ. ಆದರೆ ಪಾಳಿ ಮುರಿಯುವ ಸುಖವನ್ನು ಬಿಟ್ಟುಕೊಡುವವಳೂ ಅಲ್ಲ. ಎಲ್ಲರ ಹಿಂದೆ ಬಂದು ಕಂಬಿಗೆ ಒರಗಿ ನಿಂತು ಒಬ್ಬೊಬ್ಬರನ್ನೇ ಮುಂದೆ ಕಳಿಸಿದಳು. ಚಂದ್ರಕಾಂತನಿಗೆ ಜತ್ತದಿಂದ ಬಂದಿದ್ದ ದಪ್ಪನೆಯ ಒಬ್ಬ ಮರಾಠಿ ಹೆಂಗಸಿನ ಮಗ್ಗುಲು ಸಿಕ್ಕಿತು. ಕಸ್ತೂರಿಗೆ ಒಬ್ಬ ಶಾಲೆಯ ಹುಡುಗಿ. ಆ ಗಾಡಿ ಹೋಗಿ ಇನ್ನೊಂದು ಬಂತು. ದಾವಲಸಾಬ ರೇಣುಕಾಗೆ ಬೆರಳು ಮಾಡಿ ತೋರಿಸಿದ ಸೀಟಿನ ಪಕ್ಕದಲ್ಲಿ ಚೌಕಳಿ ಅಂಗಿಯ ಹುಡುಗನೊಬ್ಬ ಕೂತಿದ್ದ, ಇಪ್ಪತ್ತೈದು ಇಪ್ಪತ್ತಾರರವನು. ರೇಣುಕಾ ಅಲ್ಲೇ ನಿಂತಳು.

"ಕುಂಡ್ರ ಬೇ," ಎಂದು ಹಿಂದಿನಿಂದ ತಾಯವ್ವ ಕೂಗಿದಳು. "ಎಲ್ಲಾರೂ ಕಾಯಾಕತ್ತಾರ." ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ತಾಯವ್ವ ಇಟ್ಟುಕೊಳ್ಳಲಿಲ್ಲ.

ಬಸ್ಸಿನಲ್ಲಾದರೆ ನಡುವೆ ಒಂದು ಚೀಲ ಇಡಬಹುದಿತ್ತು. ಇಲ್ಲಿ ಚೀಲವನ್ನು ಗೇಟಿನಲ್ಲೇ ಇಸಿದುಕೊಂಡಿದ್ದರು. ರೇಣುಕಾ ಸೀಟಿನ ತುದಿಗೆ ಅಂಟಿ ಕೂತಳು, ಸಳಿ ಎದೆಯ ಮೇಲೆ ಇಳಿಯಿತು, ಗಾಡಿ ಕಟಕಟ ಎನ್ನುತ್ತ ಏರತೊಡಗಿತು. ಬಾಯಿಪಾಠ ಮಾಡಿದ ಮಾತು ಗಂಟಲಲ್ಲೇ ಇತ್ತು. ಅದನ್ನು ಕೇಳಬೇಕಾದವನು ಆಗಲೇ ಇಳಿದು ನೀರು ಕುಡಿಯುತ್ತಿರಬೇಕು. ಕಣ್ಣು ತುಂಬಿ ಬಂತು. ಹೊತ್ತು ಕೆಟ್ಟದ್ದು ಎಂದುಕೊಂಡಳು, ಆ ಹೊತ್ತು ಇನ್ನೂ ಶುರುವೇ ಆಗಿಲ್ಲ ಎಂಬುದು ಆಕೆಗೆ ಗೊತ್ತಿರಲಿಲ್ಲ.

"ಹೆದರಬ್ಯಾಡ್ರಿ ಅಕ್ಕಾರ," ಎಂದ ಪಕ್ಕದವನು. "ನಾ ಎರಡನೇ ಸಲ ಕುಂತೇನಿ."

ಆಕೆ ಇನ್ನಷ್ಟು ತುದಿಗೆ ಸರಿದಳು. ಓರೆಗಣ್ಣಿನಿಂದ ನೋಡಿದರೆ ಅವನು ಒಂದು ಚಪ್ಪಲಿಯನ್ನು ಸಳಿಯ ಕೆಳಗೆ ಹೊಟ್ಟೆಗೆ ಅವಚಿ ಹಿಡಿದುಕೊಂಡಿದ್ದ. ಎರಡೂ ಕಾಲು ಬರಿಗಾಲು.

"ಇನ್ನೊಂದು ಮೊದಲನೇ ಸುತ್ತಿನ್ಯಾಗ ಹಾರಿಹೋತ್ರಿ," ಎಂದ ಅವನು, ಆಕೆ ನೋಡಿದ್ದನ್ನು ಕಂಡು. "ಹೊಸಾವು. ಎಲ್ಲಿ ಬಿದ್ದೈತಿ ಅಂತ ಮ್ಯಾಲಿಂದ ನೋಡಾಕ ಮತ್ತ ಹತ್ತೇನಿ."

ಅವನು ನಗಿಸಲು ಹೇಳಿದ್ದಲ್ಲ. ಮುಖ ಬಹಳ ಗಂಭೀರವಾಗಿತ್ತು, ಕಳೆದ ದನ ಹುಡುಕುವವನ ಹಾಗೆ ಕತ್ತು ಉದ್ದ ಮಾಡಿ ಕೆಳಗೆಲ್ಲ ನೋಡುತ್ತಿದ್ದ. ರೇಣುಕಾಗೂ ಅರಿವಿಲ್ಲದೆ ಕಣ್ಣು ಕೆಳಗೆ ಹೋಯಿತು. ಗಾಡಿ ತುತ್ತತುದಿಗೆ ಬಂದು ಒಂದು ಉಸಿರಿನಷ್ಟು ಹೊತ್ತು ನಿಂತಿತು. ಟಿಕೋಟಾದ ಕಡೆಯ ಹೊಲ, ದ್ರಾಕ್ಷಿ ತೋಟದ ಸಾಲು, ದೂರದಲ್ಲಿ ಕನಮಡಿಯ ದಿಕ್ಕು, ಎಲ್ಲ ಕಂಡವು. ಅವುಗಳ ನಡುವೆ ಐಸ್‌ಕ್ರೀಮಿನ ಅಂಗಡಿಯ ತಗಡಿನ ಮೇಲೆ ಅಂಗಾತ ಬಿದ್ದ ಒಂದು ಚಪ್ಪಲಿ.

"ಅಲ್ಲೈತಿ ನೋಡ್ರಿ," ಎಂದುಬಿಟ್ಟಳು ರೇಣುಕಾ.

"ಎಲ್ಲಿ?" ಎಂದು ಅವನು ತಿರುಗುವಷ್ಟರಲ್ಲಿ ಗಾಡಿ ಬಿತ್ತು.

ಸೆರಗು ತಲೆಯಿಂದ ಹಾರಿತು, ಕೈಗೆ ಸಿಕ್ಕದ್ದನ್ನು ಹಿಡಿದುಕೊಂಡಳು, ಸಿಕ್ಕದ್ದು ಚೌಕಳಿ ಅಂಗಿಯ ತೋಳು. ಪಕ್ಕದವನು "ಎಲ್ಲಿರಿ, ಎಲ್ಲಿರಿ" ಎಂದು ಚೀರುತ್ತಲೇ ಇದ್ದ. ಅದನ್ನು ಕೇಳಿ ರೇಣುಕಾಗೆ ನಗು ಬಂತು. ಏಳು ತಿಂಗಳಿಂದ ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಎಲ್ಲರೂ ಉಂಡ ಮೇಲಿನ ತಾಟಿನ ಮುಂದೆ ಕೂತು ತಡೆದಿಟ್ಟ ನಗು ಅದು. ಬಾಯಿ ತುಂಬ, ಹಲ್ಲು ಕಾಣಿಸುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಗಾಡಿ ಬೀಳುವ ಆ ಜಾಗದಲ್ಲಿ ಕಂಬಕ್ಕೆ ಕಟ್ಟಿದ ಒಂದು ಕ್ಯಾಮೆರಾ ಎಲ್ಲರ ಮುಖವನ್ನೂ ಹಿಡಿಯುತ್ತದೆ ಎಂದು ಕಸ್ತೂರಿ ಹೇಳಿರಲಿಲ್ಲ.

ಇಳಿದ ಮೇಲೆ ಹುಡುಗ ಐಸ್‌ಕ್ರೀಮಿನ ಅಂಗಡಿಯ ಕಡೆ ಬರಿಗಾಲಲ್ಲೇ ಓಡಿದ. ಅವನ ಹೆಸರು ಏನು, ಊರು ಯಾವುದು, ರೇಣುಕಾಗೆ ಕಡೆಯವರೆಗೂ ತಿಳಿಯಲಿಲ್ಲ.

ಹೊರಗೆ ಹೋಗುವ ದಾರಿಯಲ್ಲಿ ಒಂದು ಅಂಗಡಿ, ಗೋಡೆಗೆ ಸಾಲಾಗಿ ಟಿ.ವಿ., ಅವುಗಳಲ್ಲಿ ಈಗಷ್ಟೇ ತೆಗೆದ ಫೋಟೊಗಳು. ಮನೆಯವರೆಲ್ಲ ಅಲ್ಲಿ ಗುಂಪಾಗಿದ್ದರು. ಚಂದ್ರಕಾಂತನ ಫೋಟೊದಲ್ಲಿ ಜತ್ತದ ಹೆಂಗಸು ಅವನ ಕುತ್ತಿಗೆಗೆ ಎರಡೂ ಕೈ ಹಾಕಿ ಮುಖವನ್ನು ಅವನ ಎದೆಗೆ ಒತ್ತಿದ್ದಳು, ಅವನು ಬಾಯಿ ತೆರೆದು ಆಕಾಶ ನೋಡುತ್ತಿದ್ದ. ಕಸ್ತೂರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಯವ್ವಾ, ನಿನಗ ಇನ್ನೊಬ್ಬಾಕಿ ಸೊಸಿ ಸಿಕ್ಕಳ ನೋಡು." ತಾಯವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. "ಕೊಡಪ್ಪಾ ಇದನ್ನ, ಮನ್ಯಾಗ ಇಡೂಣು," ಎಂದಳು.

ಆಗ ಪಕ್ಕದ ಟಿ.ವಿ.ಯಲ್ಲಿ ರೇಣುಕಾ ಬಂದಳು.

ಮೊದಲು ಕಸ್ತೂರಿ ನಗು ನಿಲ್ಲಿಸಿದಳು. ಆಮೇಲೆ ಒಬ್ಬೊಬ್ಬರೇ. ಫೋಟೊದಲ್ಲಿ ಸೆರಗಿಲ್ಲದ ತಲೆ, ಹಾರುವ ಕೂದಲು, ಒಬ್ಬ ಗಂಡಸಿನ ತೋಳು ಹಿಡಿದ ಕೈ, ಆ ಕೈಯಲ್ಲಿ ಮದುವೆಯ ಹಸಿರು ಬಳೆ. ಆ ಮುಖದ ನಗುವನ್ನು ಆ ಮನೆಯವರಲ್ಲಿ ಯಾರೂ ನೋಡಿರಲಿಲ್ಲ. ಹುಡುಗ ಆಕೆಯ ಕಡೆಗೇ ತಿರುಗಿದ್ದ. ಚಪ್ಪಲಿ ಎಲ್ಲೂ ಕಾಣುತ್ತಿರಲಿಲ್ಲ, ಸಳಿ ಅದನ್ನು ಮುಚ್ಚಿತ್ತು.

"ಇದೂ ಕೊಡಪ್ಪಾ," ಎಂದಳು ತಾಯವ್ವ.

ಪಾರ್ಕಿನವನು ಎರಡೂ ಫೋಟೊಗಳಿಗೆ ಒಂದೇ ಥರದ ರಟ್ಟಿನ ಚೌಕಟ್ಟು ಹಾಕಿ, ಒಂದೇ ಚೀಲದಲ್ಲಿಟ್ಟು ಕೊಟ್ಟ.

ಕ್ರೂಸರು ವಿಜಯಪುರ ದಾಟಿತು. ಬಬಲೇಶ್ವರದ ರಸ್ತೆಗೆ ತಿರುಗಿದ ಮೇಲೆ ತಾಯವ್ವ ಶುರು ಮಾಡಿದಳು.

"ಯಾರಂವಾ?"

"ಗೊತ್ತಿಲ್ರಿ ಅತ್ತೀರಿ."

"ಗೊತ್ತಿಲ್ದಾಂವನ ತೋಳ ಹಿಡದ ಅಷ್ಟ ನಗ್ತಾರೇನು?"

"ಅಂವನ ಚಪ್ಪಲಿ ಕಳದಿತ್ರಿ. ಅದು ತಗಡಿನ ಮ್ಯಾಲ ಕಾಣಿಸ್ತು. ಅದಕ್ಕ ನಗು ಬಂತು."

ಸತ್ಯವೇ. ಆದರೆ ಕೆಲವು ಸತ್ಯಗಳು ಬಾಯಿಂದ ಹೊರಗೆ ಬಂದ ಕೂಡಲೇ ಸುಳ್ಳಿನ ಹಾಗೆ ಕೇಳುತ್ತವೆ. ತಾಯವ್ವ ಫೋಟೊ ಹೊರತೆಗೆದು ಸೊಸೆಯ ಮುಖಕ್ಕೆ ಹಿಡಿದಳು. "ಎಲ್ಲೈತಿ ಚಪ್ಪಲಿ? ತೋರ್ಸು." ಗಾಡಿ ಕುಲುಕುತ್ತಿತ್ತು, ಫೋಟೊ ಅಲುಗುತ್ತಿತ್ತು. ರೇಣುಕಾ ನಿಜವಾಗಿಯೂ ಚಪ್ಪಲಿ ಹುಡುಕಿದಳು, ಪಾಪ.

"ಸೊಸಿ ಅಂದ ಮ್ಯಾಲ ಒಲ್ಲೆ ಅಂದು ಎದ್ದ ಬರಬೇಕಿತ್ತು," ಎಂದಳು ತಾಯವ್ವ. "ನಾನಾಗಿದ್ರ ಸತ್ರೂ ಕುಂಡ್ರತಿದ್ದಿಲ್ಲ."

ಕುಂಡ್ರ ಬೇ ಅಂದವರು ಯಾರು ಎಂದು ಯಾರಾದರೂ ಒಬ್ಬರು ಕೇಳಬಹುದಿತ್ತು. ಪಾಳಿಯಲ್ಲಿ ಉಳಿದಿದ್ದವರೆಲ್ಲ ಕೇಳಿದ್ದರು ಆ ಮಾತನ್ನು, ಒಂಟಿ ಪಾಳಿಗೆ ನೂಕಿದ್ದನ್ನು ಕಸ್ತೂರಿಯೂ ಚಂದ್ರಕಾಂತನೂ ಕಂಡಿದ್ದರು. ಕಸ್ತೂರಿ ಕಿಟಕಿಯಾಚೆ ನೋಡಿದಳು. ಮಾವ ಕೆಮ್ಮಿದ. ಮುಂದಿನ ಸೀಟಿನಿಂದ ಚಂದ್ರಕಾಂತ ಅರ್ಧ ತಿರುಗಿ ಒಂದೇ ಒಂದು ಮಾತು ಕೇಳಿದ, ಅದೂ ಸಿಟ್ಟಿನಿಂದಲ್ಲ. "ನನ್ನ ಕೂಡ ಯಾವತ್ತರೆ ಹಂಗ ನಕ್ಕೀಯೇನು?"

ನೀ ಯಾವತ್ತಾದರೂ ನನ್ನ ಮಗ್ಗುಲಿಗೆ ಕೂತಿದ್ದೀಯಾ ಎಂಬ ಉತ್ತರ ರೇಣುಕಾಳ ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಏನಾಗುತ್ತಿತ್ತೋ. ಅನ್ನಲಿಲ್ಲ. ಸುಮ್ಮನಿದ್ದದ್ದನ್ನೇ ಎಲ್ಲರೂ ಒಪ್ಪಿಗೆ ಎಂದು ತಿಳಿದುಕೊಂಡರು.

ಸೋಮವಾರ ಬಂತು, ಹೋಯಿತು. ಮಧ್ಯಾಹ್ನ ಮೂರು ಗಂಟೆಗೆ ರೇಣುಕಾ ಸೆಗಣಿ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು, "ಅತ್ತೀರಿ, ಫಾರ್ಮು..." ಎಂದಳು. ತಾಯವ್ವ ಸುಲಿಯುತ್ತಿದ್ದ ಬಳ್ಳೊಳ್ಳಿ ಬದಿಗಿಟ್ಟಳು. ಎದ್ದು ಹೋಗಿ ಕಬ್ಬಿಣದ ತಿಜೋರಿಯ ಬಾಗಿಲು ತೆರೆದು, ಜರಿಸೀರೆಗಳ ಕೆಳಗಿಂದ ಫೋಟೊ ತೆಗೆದು ತಂದು, ರೊಟ್ಟಿಯ ಬುಟ್ಟಿಗೆ ಒರಗಿಸಿ ಇಟ್ಟು, ಮತ್ತೆ ಬಳ್ಳೊಳ್ಳಿ ಸುಲಿಯತೊಡಗಿದಳು. ಇದು ಆಕೆಯ ಉತ್ತರವಾಗಿತ್ತು. ಕಾಲೇಜಿನ ಕಚೇರಿ ಐದಕ್ಕೆ ಮುಚ್ಚಿತು.

ಬುಧವಾರ ಅಮೋಘಿಯನ್ನು ಕರೆಸಿದರು. ಅವನು ಕನಮಡಿಯಿಂದ ಎರಡು ಬಸ್ಸು ಬದಲಿಸಿ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬೀಗರ ಮನೆಗೆಂದು ತಂದ ಬೆಲ್ಲದ ಪೆಂಟಿ. ಪಡಸಾಲೆಯಲ್ಲಿ ಕೂಡಿಸಿ, ಚಹಾ ಕೊಡುವ ಮೊದಲೇ ತಾಯವ್ವ ಫೋಟೊ ಅವನ ಕೈಗೆ ಕೊಟ್ಟಳು. ರೇಣುಕಾ ಬಾಗಿಲ ಮರೆಯಿಂದ ನೋಡುತ್ತಿದ್ದಳು.

ಮುದುಕ ಫೋಟೊವನ್ನು ಬೆಳಕಿಗೆ ಹಿಡಿದ. ಅವನ ಮುಖದ ಮೇಲೆ ನಿಧಾನಕ್ಕೆ ಒಂದು ನಗು ಹರಡಿತು. ಮರಿಗಳ ಹಿಂದೆ ಓಡುತ್ತ ಬೀಳುತ್ತ ನಗುತ್ತಿದ್ದ ಆರು ವರ್ಷದ ಹುಡುಗಿಯನ್ನು ಅವನು ಗುರುತಿಸಿದ್ದ. ಪಕ್ಕದಲ್ಲಿದ್ದ ಹುಡುಗನನ್ನು ಅವನು ನೋಡಿಯೇ ಇರಲಿಲ್ಲ. "ನಮ್ಮ ರೇಣವ್ವ..." ಎಂದು ಏನೋ ಹೇಳಲು ಹೋಗಿ ತಲೆ ಎತ್ತಿದ. ಎದುರಿಗೆ ತಾಯವ್ವನ ಮುಖವಿತ್ತು, ಅಳಿಯನ ಮುಖವಿತ್ತು. ಅವನು ಮತ್ತೆ ಫೋಟೊ ನೋಡಿದ, ಈ ಸಲ ಬೀಗರು ನೋಡಿದ್ದನ್ನು ನೋಡಿದ. ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟ.

"ತಪ್ಪಾತ್ರಿ ಅಕ್ಕಾರ," ಎಂದ. "ತಾಯಿ ಇಲ್ದ ಕೂಸು. ನಗೂದ ಕಲಸೂ ಮುಂದ ಎಲ್ಲಿ ನಗಬಾರ್ದು ಅನ್ನೂದ ನಾ ಕಲಸಲಿಲ್ಲ."

ಅಪ್ಪನ ಆ ಬೋಳು ತಲೆಯನ್ನು ನೋಡಿದಾಗ ರೇಣುಕಾಗೆ ಮೊದಲ ಸಲ ತಾನು ನಿಜವಾಗಿಯೂ ತಪ್ಪು ಮಾಡಿದ್ದೇನೆ ಎನ್ನಿಸಿತು. ತಾಯವ್ವನಿಂದ ಆಗದ ಕೆಲಸವನ್ನು ಪ್ರೀತಿಯ ಅಪ್ಪ ಒಂದು ಮಾತಿನಲ್ಲಿ ಮಾಡಿ ಮುಗಿಸಿದ. ಅವನು ಚಹಾ ಕುಡಿಯದೆ ಹೋದ, ಬೆಲ್ಲವನ್ನು ತಾಯವ್ವ ಒಳಗಿಟ್ಟಳು.

ಚಂದ್ರಕಾಂತನ ಫೋಟೊ ಪಡಸಾಲೆಯ ಶೋಕೇಸಿನಲ್ಲಿ, ಟಿ.ವಿ.ಯ ಮೇಲಿನ ಗೂಡಿನಲ್ಲಿ ಕೂತಿತು. ಬಂದವರಿಗೆಲ್ಲ ಅದನ್ನು ತೋರಿಸಿ, ಜತ್ತದ ಹೆಂಗಸಿನ ಕತೆ ಹೇಳಿ ನಗಿಸುವುದು ತಾಯವ್ವನಿಗೆ ಒಂದು ಚಟವಾಯಿತು. ರೇಣುಕಾಳ ಫೋಟೊ ತಿಜೋರಿಯಲ್ಲಿ ಉಳಿಯಿತು. ಆಕೆ ಏನಾದರೂ ಕೇಳಿದಾಗ ಮಾತ್ರ ಹೊರಗೆ ಬರುತ್ತಿತ್ತು. ತವರಿಗೆ ನಾಲ್ಕು ದಿನ ಹೋಗಿ ಬರಲೇ ಎಂದು ಕೇಳಿದಳು, ಫೋಟೊ ಬಂತು. ಮೊಬೈಲಿಗೆ ರೀಚಾರ್ಜು ಎಂದಳು, ಫೋಟೊ ಬಂತು. ಅಪ್ಪನಿಗೆ ಜ್ವರ ಎಂದಳು, ಫೋಟೊ ಬಂತು. ತಾಯವ್ವ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ತಂದು ರೊಟ್ಟಿಯ ಬುಟ್ಟಿಗೆ ಒರಗಿಸಿ ತನ್ನ ಕೆಲಸ ಮಾಡಿಕೊಳ್ಳುತ್ತಿದ್ದಳು, ಅಷ್ಟೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಳಗಿಡುತ್ತಿದ್ದಳು.

ಮೊದಮೊದಲು ರೇಣುಕಾ ಆ ಕಡೆ ಕಣ್ಣೆತ್ತುತ್ತಿರಲಿಲ್ಲ. ಒಲೆಯ ಮುಂದೆ ಕೂತವಳಿಗೆ ಎಷ್ಟು ಹೊತ್ತು ಅಂತ ನೋಡದೆ ಇರಲು ಬರುತ್ತದೆ? ಒಂದು ದಿನ ನೋಡಿದಳು. ಆ ಹುಡುಗಿ ಯಾರೋ ಬೇರೆಯವಳ ಹಾಗೆ ಕಂಡಳು. ಕನ್ನಡಿಯಲ್ಲಿ ದಿನಾ ಕಾಣುವ ಮುಖ ಅದಲ್ಲ. ಇದಕ್ಕೆ ಹಲ್ಲಿದ್ದವು, ಗಲ್ಲದಲ್ಲಿ ಕುಳಿಯಿತ್ತು, ಕಣ್ಣಲ್ಲಿ ಅಂಜಿಕೆ ಇರಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ರೇಣುಕಾ ಆಕೆಯನ್ನು ಕದ್ದು ಕದ್ದು ನೋಡಿದಳು. ಚೌಕಳಿ ಅಂಗಿಯವನ ಕಡೆ ಆಕೆಯ ಕಣ್ಣು ಹೋಗಲೇ ಇಲ್ಲ, ಅವನ ಚಪ್ಪಲಿ ಸಿಕ್ಕಿತೋ ಇಲ್ಲವೋ ಎಂದು ಒಮ್ಮೆ ಅಂದುಕೊಂಡಿರಬಹುದು.

ಆಮೇಲೆ ಆಕೆ ತನಗೆ ಬೇಡದ್ದನ್ನೆಲ್ಲ ಕೇಳಲು ಶುರು ಮಾಡಿದಳು. ಗಾಂಧಿ ಚೌಕಕ್ಕೆ ಬಳೆ ಇಡಿಸಿಕೊಳ್ಳಲು ಹೋಗಲೇ ಅತ್ತೀರಿ? ಓಣಿಯ ಹೆಂಗಸರ ಸಂಘಕ್ಕೆ ಸೇರಲೇ ಅತ್ತೀರಿ? ಹೊಲಿಗೆ ಕಲಿಯಲೇ? ತಾಯವ್ವ ಪ್ರತಿ ಸಲವೂ ತಿಜೋರಿಯ ಕಡೆ ಎದ್ದು ಹೋಗುತ್ತಿದ್ದಳು, ರೇಣುಕಾ ತಲೆ ತಗ್ಗಿಸಿ ಕಾಯುತ್ತಿದ್ದಳು. ಸೊಸೆ ಇಷ್ಟಾದರೂ ಬುದ್ಧಿ ಕಲಿಯುವುದಿಲ್ಲವಲ್ಲ ಎಂದು ತಾಯವ್ವನಿಗೆ ಆಶ್ಚರ್ಯ. ವಾರಕ್ಕೊಮ್ಮೆಯಾದರೂ ಏನನ್ನಾದರೂ ಕೇಳಿ ಫೋಟೊ ತರಿಸಿಕೊಳ್ಳದೆ ರೇಣುಕಾಗೆ ನಡೆಯುತ್ತಿರಲಿಲ್ಲ. ಆ ಮನೆಯಲ್ಲಿ ಆಕೆಗಿದ್ದ ಒಂದೇ ಹಬ್ಬ ಅದು.

ಹೀಗೇ ಇದ್ದು ಆಕೆ ಬಸುರಾದಳು. ಏಳರಲ್ಲಿ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಓಣಿಯ ಹೆಂಗಸರೆಲ್ಲ ಪಡಸಾಲೆ ತುಂಬ. ಕುಬಸದ ದಿನ ಗಂಡ ಹೆಂಡತಿಯನ್ನು ಮಗ್ಗುಲು ಮಗ್ಗುಲಿಗೆ ಕೂಡಿಸುತ್ತಾರೆ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಕೆಂಪು ಬಟ್ಟೆ ಹೊದಿಸಿದ ಎರಡು ಕುರ್ಚಿಯ ಮೇಲೆ ರೇಣುಕಾ, ಚಂದ್ರಕಾಂತ ಕೂತರು. ಅವನ ಮೊಣಕೈ ಆಕೆಯ ಮೊಣಕೈಗೆ ತಾಗುತ್ತಿತ್ತು. ಆಕೆಗೆ ಅವನಿಗೆ ಹೇಳುವಂಥದ್ದು ಈಗ ಏನೂ ಇರಲಿಲ್ಲ. ಬಾಯಿಪಾಠ ಮಾಡಿದ್ದ ಮಾತು ಯಾವಾಗಲೋ ಮರೆತುಹೋಗಿತ್ತು.

ಆರತಿ ಎತ್ತುವ ಮೊದಲು ತಾಯವ್ವ ಎಲ್ಲರನ್ನೂ ಸುಮ್ಮನಾಗಿಸಿದಳು. ಒಳಗೆ ಹೋಗಿ ಬಂದಳು. ಕೈಯಲ್ಲಿ ರಟ್ಟಿನ ಚೌಕಟ್ಟಿತ್ತು. ಇವತ್ತು ರೇಣುಕಾ ಏನನ್ನೂ ಕೇಳಿರಲಿಲ್ಲ.

"ನಮ್ಮ ಮನ್ಯಾಗ ಒಂದ ಮಾತಾಗಿತ್ತು, ನಿಮಗೆಲ್ಲಾ ಗೊತ್ತಿದ್ದದ್ದ," ಎಂದಳು ತಾಯವ್ವ. ಅವಳ ಮಾತಿನಲ್ಲಿ ನಟನೆ ಇರಲಿಲ್ಲ. "ಹೊಟ್ಟ್ಯಾಗ ನಮ್ಮ ವಂಶ ಹೊತ್ತಾಳ. ನಾ ಎಲ್ಲಾ ಮರ್ತೇನಿ. ಇನ್ನ ಮ್ಯಾಲ ಇದರ ಹೆಸರ ಯಾರೂ ತಗೀಬಾರ್ದು."

ಹೇಳಿದವಳೇ ಫೋಟೊವನ್ನು ಚೌಕಟ್ಟಿನಿಂದ ಎಳೆದು, ನಾಲ್ಕು ತುಂಡು ಮಾಡಿ, ಬಚ್ಚಲ ಹಂಡೆಯ ಒಲೆಗೆ ಹಾಕಿ ಬಂದಳು. ಹೆಂಗಸರು ಲೊಚಗುಟ್ಟಿದರು. "ಇಂಥಾ ಅತ್ತಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕವಾ," ಎಂದಳೊಬ್ಬಳು. ಕಸ್ತೂರಿ ಕಣ್ಣೊರೆಸಿಕೊಂಡಳು. ರೇಣುಕಾಳನ್ನು ಇಬ್ಬರು ಹಿಡಿದೆಬ್ಬಿಸಿ ಅತ್ತೆಯ ಕಾಲಿಗೆ ಬೀಳಿಸಿದರು. ಬಗ್ಗಿದಾಗ ಬಚ್ಚಲ ಕಡೆಯಿಂದ ಸುಟ್ಟ ಬಣ್ಣದ ವಾಸನೆ ಬಂತು. ಅಷ್ಟು ತಿಂಗಳು ತಾಯವ್ವ ಕೊಟ್ಟ ಶಿಕ್ಷೆಯನ್ನು ಹೇಗೋ ತಡೆದುಕೊಂಡಿದ್ದಳು. ಈ ಕ್ಷಮೆಯನ್ನು ತಡೆದುಕೊಳ್ಳುವುದು ಹೇಗೆ ಎಂದು ಆಕೆಗೆ ತಿಳಿಯಲಿಲ್ಲ, ಅತ್ತುಬಿಟ್ಟಳು. ಪಶ್ಚಾತ್ತಾಪ ಎಂದು ಎಲ್ಲರಿಗೂ ಸಮಾಧಾನವಾಯಿತು.

ಮತ್ತೆ ಕುರ್ಚಿಯ ಮೇಲೆ ಕೂಡಿಸಿದರು. ಟಿಕೋಟಾದಿಂದ ಕರೆಸಿದ್ದ ಫೋಟೊದವನು ಮುಂದೆ ಬಂದು ನಿಂತ. "ವೈನಿಯಾರ, ಕಣ್ಣ ಒರಸ್ಕೋರಿ. ಸ್ವಲ್ಪ ನಗ್ರಿ."

"ನಗವಾ," ಎಂದಳು ತಾಯವ್ವ, ಸೊಸೆಯ ಗಲ್ಲ ಸವರಿ. "ಈಗ ಗಂಡನ ಬಾಜೂಕ ಕುಂತೀ. ಯಾರೂ ಏನೂ ಅನ್ನೂದಿಲ್ಲ."

ರೇಣುಕಾ ಅತ್ತೆಯ ಮಾತು ಕೇಳಿದಳು. ಆ ಹುಡುಗಿ ಹೇಗೆ ಬಾಯಿ ತೆರೆದಿದ್ದಳು, ಗಲ್ಲ ಎಲ್ಲಿ ಕುಳಿ ಬಿದ್ದಿತ್ತು ಎಂದು ನೆನಪು ಮಾಡಿಕೊಂಡು ಹಾಗೇ ಬಾಯಿ ತೆರೆದಳು, ಹಲ್ಲು ಕಾಣಿಸಿದಳು. ಫೋಟೊದವನು ಕ್ಯಾಮೆರಾದಿಂದ ಮುಖ ಹೊರಗೆ ತೆಗೆದು ಆಕೆಯನ್ನು ನೋಡಿದ. ಪಡಸಾಲೆಯಲ್ಲಿ ಒಂದು ಕೂಸು ಅಳತೊಡಗಿತು.

"ಬ್ಯಾಡ್ರಿ ವೈನಿಯಾರ," ಎಂದ ಅವನು. "ಬಾಯಿ ಮುಚ್ಚಿದ್ರನ ಚಂದ ಬರ್ತೈತಿ."

ಆಕೆ ಮುಚ್ಚಿದಳು. ಆ ಫೋಟೊ ಈಗ ಅವರ ಶೋಕೇಸಿನಲ್ಲಿದೆ, ಚಂದ್ರಕಾಂತ ಮತ್ತು ಜತ್ತದ ಹೆಂಗಸಿನ ಫೋಟೊದ ಮಗ್ಗುಲಿಗೆ.